ಪ್ರತಿ ಚಳಿಗಾಲವೂ ಹತ್ತಿರ ಬರುವ ಗೂಡು

ಏಪ್ರಿಲ್ 4, ಮಂಗಳವಾರ

ಬೆಳಿಗ್ಗೆಯಿಂದ ಮೂರು ಕೋಳಿಗೂಡು, ಒಂದು ಬೇಲಿ, ಒಂದು ಬಿಸಿನೀರಿನ ತೊಟ್ಟಿ. ಪರ್ಮಿಟ್ ಇಲ್ಲದ ತೊಟ್ಟಿಯೊಳಗೆ ಮಾಲೀಕ ಕುತ್ತಿಗೆಯವರೆಗೆ ಮುಳುಗಿ ಕುಳಿತಿದ್ದ. ಎದ್ದು ಬಾ ಎನ್ನಲು ಧೈರ್ಯವಾಗಲಿಲ್ಲ. ಏನು ಉಟ್ಟಿದ್ದನೋ, ಉಟ್ಟಿದ್ದನೋ ಇಲ್ಲವೋ. ನೋಟಿಸನ್ನು ಟವೆಲ್ ಮೇಲಿಟ್ಟು ಬಂದೆ.

ಮೂವತ್ತೊಂದು ವರ್ಷ ಇದೇ ಟೌನ್‌ಶಿಪ್‌ನಲ್ಲಿ ಅಂಚೆ ಹಂಚಿದವನು ನಿವೃತ್ತನಾದ ಮೇಲೆ ತೆಪ್ಪಗೆ ಮೀನು ಹಿಡಿಯಬೇಕಿತ್ತು. ಕಟ್ಟಡ ನಿಯಮಗಳ ಅಧಿಕಾರಿಯಾದೆ. ಮಂಗಳವಾರ, ಗುರುವಾರ ಮಾತ್ರ. ಅಂಚೆ ತರುವಾಗ ನನ್ನ ಕಾರು ಕಂಡರೆ ಜನ ಗೇಟಿಗೆ ಬರುತ್ತಿದ್ದರು. ಈಗ ಹಿತ್ತಿಲಿಗೆ ಓಡುತ್ತಾರೆ, ಏನನ್ನೋ ಮುಚ್ಚಲು.

ಕಚೇರಿಗೆ ಬಂದರೆ ಕಾರ್ಯದರ್ಶಿ ವೆಲ್ಡಾ ಹೆಣಿಗೆ ಕೆಳಗಿಟ್ಟಳು. ಅವಳು ಹೆಣಿಗೆ ಕೆಳಗಿಡುವುದು ಸಾವಿಗೆ, ಇಲ್ಲವೇ ದೂರಿಗೆ.

"ಮರ್ಲ್, ಕೂತ್ಕೋ. ಆಮೇಲೆ ಓದು."

ಓದಿದೆ. "ಸಾಮಿಲ್ ರಸ್ತೆಯಲ್ಲಿರುವ ಎಸ್ರಾ ಕನಾಗಿಯವರ ಫೋನ್ ಗೂಡು ಪ್ರತಿ ಚಳಿಗಾಲವೂ ರಸ್ತೆಗೆ ಹತ್ತಿರ ಬರುತ್ತಿದೆ. ಈ ಸಲ ಹಿಮ ತಳ್ಳುವಾಗ ನನ್ನ ಬ್ಲೇಡು ಎಸೆದ ಹಿಮ ಅದರ ಮೂಲೆಗೆ ಬಡಿಯಿತು. ಯಾರಿಗಾದರೂ ಪೆಟ್ಟಾಗುವ ಮೊದಲು ಕ್ರಮ ಕೈಗೊಳ್ಳಿ." ಸಹಿ: ಹಾರ್ಲನ್ ಬೇಲರ್.

ಹಾರ್ಲನ್ ಎಂದರೆ ಟೌನ್‌ಶಿಪ್ ಆಡಳಿತ ನಡೆಸುವ ಮೂವರು ಮೇಲ್ವಿಚಾರಕರ ಅಧ್ಯಕ್ಷ. ರಸ್ತೆಗಳ ಉಸ್ತುವಾರಿಯೂ ಅವನೇ. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಓಡಿಸುವವನೂ ಅವನೇ. ನನ್ನನ್ನು ಈ ಕೆಲಸಕ್ಕೆ ತೆಗೆದುಕೊಂಡವನೂ ಅವನೇ.

ಗೂಡುಗಳನ್ನು ಬೇಕಾದಷ್ಟು ನೋಡಿದ್ದೇನೆ. ನಡೆಯುವ ಗೂಡು ಇದೇ ಮೊದಲು. ನಿಜ ಹೇಳಬೇಕೆಂದರೆ – ಯಾರೂ ಓದುವುದಿಲ್ಲವಲ್ಲ – ಗುರುವಾರ ಯಾವಾಗ ಬರುತ್ತದೋ ಎನಿಸುತ್ತಿದೆ.

ಏಪ್ರಿಲ್ 6, ಗುರುವಾರ

ಸಾಮಿಲ್ ರಸ್ತೆ. ಗೂಡು ಇದ್ದಲ್ಲೇ ಇತ್ತು. ಹತ್ತು ನಿಮಿಷ ಕಾರಿನಲ್ಲಿ ಕುಳಿತು ನೋಡಿದೆ, ಕದಲಲಿಲ್ಲ.

ಎಸ್ರಾ ಅಮಿಶ್ ಪಂಗಡದವನು, ಹಳೆಯ ಕಾಲದಂತೆ ಬದುಕುವ ಕ್ರೈಸ್ತರು. ಮನೆಯಲ್ಲಿ ವಿದ್ಯುತ್ತಿಲ್ಲ, ಕಾರಿಲ್ಲ, ಫೋನಂತೂ ಇಲ್ಲ. ಫೋನೇ ಕೂಡದು ಎಂದಲ್ಲ, ಮನೆಯೊಳಗೆ ಕೂಡದು. ಹಾಗಾಗಿ ಅಂಗಳದ ತುದಿಯಲ್ಲಿ ಮರದ ಗೂಡು, ನಾಲ್ಕಡಿ ಅಗಲ, ಐದಡಿ ಉದ್ದ. ನಾಲ್ಕು ಮನೆಗೆ ಅದೊಂದೇ ಫೋನು. ಹೊರಗಿನವರ ಕಣ್ಣಿಗೆ ಪಕ್ಕಾ ಕಕ್ಕಸು. ಹೋದ ಬೇಸಿಗೆಯಲ್ಲಿ ಸೈಕಲ್ ಸವಾರನೊಬ್ಬ ತೀರಾ ಅವಸರದಲ್ಲಿ ಓಡಿ ಬಂದು ಬಾಗಿಲು ತೆಗೆದನಂತೆ. ಒಳಗೆ ಅವರ ಸಭೆಯ ಬಿಷಪ್ ಯೋಸ್ಟ್ ಪೀಚಿ ದನದ ಡಾಕ್ಟರ ಜೊತೆ ಮಾತಾಡುತ್ತಿದ್ದರಂತೆ.

ಟೇಪಿನ ಒಂದು ತುದಿ ಎಸ್ರಾ ಹಿಡಿದ. ರಸ್ತೆಯ ನಡುಗೆರೆಯಿಂದ ಗೂಡಿಗೆ ಮೂವತ್ತಾರು ಅಡಿ. ನಿಯಮ ನಲವತ್ತು ಎನ್ನುತ್ತದೆ. ಇನ್ನೊಮ್ಮೆ ಅಳೆದೆವು. ಮೂವತ್ತಾರೇ.

"ನಾಲ್ಕು ಅಡಿ ಕಡಿಮೆ ಇದೆಯಲ್ಲ ಎಸ್ರಾ. ಇದನ್ನ ಯಾವಾಗಾದ್ರೂ ಸರಿಸಿದ್ರಾ?"

"ಇಲ್ಲ. ಎಂಟು ಜನ ಹೊತ್ಕೊಂಡು ಹೋಗಿದ್ರೆ ಒಬ್ಬನಿಗಾದ್ರೂ ನೆನಪಿರ್ತಿತ್ತು."

ಅವನ ಹೆಂಡತಿ ಮ್ಯಾಟಿ ಬಟಾಣಿ ಬಿತ್ತುತ್ತಿದ್ದಳು. ಬಗ್ಗಲು ಆಗುತ್ತಿಲ್ಲ, ನಿಂತೇ ಬೀಜ ಬಿಡುತ್ತಿದ್ದಳು. ತುಂಬಿದ ಬಸುರಿ. ಮೇ ಮಧ್ಯಕ್ಕೆ ಎಂದಿದ್ದಾಳಂತೆ ಸೂಲಗಿತ್ತಿ.

"ಹೋದ ಸಲದ ಹೆರಿಗೆ ನಲವತ್ತೇ ನಿಮಿಷ," ಎಂದ ಎಸ್ರಾ, ಟೇಪು ಸುತ್ತುತ್ತ. "ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ಕೊಂಡಿತ್ತು. ಮಗು ನೀಲಿ ಆಗಿತ್ತು. ಸೂಲಗಿತ್ತಿ ಪುಣ್ಯಕ್ಕೆ ಪಕ್ಕದ ಮನೆಗೆ ಬಂದಿದ್ಲು. ಇಲ್ದಿದ್ರೆ ಅವಳ ಮನೆ ಒಂಬತ್ತು ಮೈಲಿ. ಈ ಸಲ ಹೊಟ್ಟೆ ಹಿಡ್ಕೊಂಡ ಕೂಡ್ಲೇ ಫೋನ್ ಮಾಡ್ಬೇಕು, ಕಾಯೋ ಹಾಗಿಲ್ಲ ಅಂದಿದಾಳೆ."

ಎದುರು ಮನೆ ಹಾರ್ಲನ್‌ನ ತಾಯಿ ವರ್ನಾಳದು. ಮುದುಕಿ ಹೋಗಿ ಮೂರು ವರ್ಷ, ಮನೆಗೆ ಬೀಗ. ಈ ಗೂಡು ಬಿಟ್ಟರೆ ಹತ್ತಿರದ ಫೋನು ಒಂದು ಮೈಲಿಯಾಚೆ.

ಟೇಪನ್ನು ಜೇಬಿಗೆ ಹಾಕಿದೆ. ಎಂದಿಗಿಂತ ಭಾರವಿತ್ತು.

ಏಪ್ರಿಲ್ 11, ಮಂಗಳವಾರ

ಕೊಟ್ಟೆ. ನೋಟಿಸು ಸಂಖ್ಯೆ 14. ಮೂವತ್ತು ದಿನದೊಳಗೆ ಕಟ್ಟಡ ಸರಿಸುವುದು ಅಥವಾ ತೆಗೆಯುವುದು. ಗಡುವು ಮೇ 11. ಕೂಸಿನ ಗಡುವೂ ಹೆಚ್ಚುಕಡಿಮೆ ಅದೇ.

ಎಸ್ರಾ ಪೂರ್ತಿ ಓದಿದ. ಮಡಿಸಿ ಟೋಪಿಯೊಳಗಿಟ್ಟ. ಥ್ಯಾಂಕ್ಸ್ ಎಂದ. ನೋಟಿಸಿಗೆ ಥ್ಯಾಂಕ್ಸ್ ಹೇಳುವವರನ್ನು ನಂಬಬಾರದು, ನಿದ್ದೆ ಕೆಡಿಸುತ್ತಾರೆ.

ವೆಲ್ಡಾ ಇಡೀ ದಿನ ಹೆಣೆದಳು. ಸಂಜೆ ಹೊರಡುವಾಗ ಅಂದಳು, "ಬಸುರಿ ಹೆಂಗಸಿನ ಫೋನು ಕಿತ್ಕೊಂಡ್ಯಂತೆ."

"ನಾಲ್ಕು ಅಡಿ ಕಡಿಮೆ ಇದೆ ಕಣೇ."

"ನಿನ್ನ ಹತ್ರಾನೂ ಏನೋ ನಾಲ್ಕು ಅಡಿ ಕಡಿಮೆ ಇದೆ."

ಏಪ್ರಿಲ್ 13, ಗುರುವಾರ

ಉಪಾಯ ಹೊಳೆಯಿತು. ಎಷ್ಟು ಸರಳ ಎಂದರೆ ಇಷ್ಟು ದಿನ ಹೊಳೆಯದಿದ್ದುದಕ್ಕೆ ನಾಚಿಕೆ. ಗೂಡನ್ನು ನಾಲ್ಕು ಅಡಿ ಮನೆಯ ಕಡೆಗೆ ಸರಿಸಿದರಾಯಿತು. ಎಂಟು ಜನ, ಹತ್ತು ನಿಮಿಷ.

ಓಡಿಹೋಗಿ ಹೇಳಿದೆ. ಎಸ್ರಾ ತಲೆ ಅಲ್ಲಾಡಿಸಿದ.

"ಆ ಕಡೆ ನಮ್ಮದೂ ಒಂದು ಲೆಕ್ಕ ಇದೆ."

ಅವರ ಸಭೆಯ ಕಟ್ಟಳೆಯಂತೆ. ಎಲ್ಲೂ ಬರೆದಿಲ್ಲ. ಅಡಿ, ಅಂಗುಲದ ಮಾತಿಲ್ಲ. ಇಷ್ಟೇ: ಫೋನಿನ ಗಂಟೆ ಅಡುಗೆಮನೆಗೆ ಕೇಳಿಸಕೂಡದು.

ನಲವತ್ತು ಪುಟದ ನನ್ನ ನಿಯಮ ಪುಸ್ತಕದಲ್ಲಿ ಇಷ್ಟು ಚಂದದ ಒಂದು ಸಾಲಿಲ್ಲ. ಆದರೆ ಕೇಳಿಸುತ್ತದೆ, ಕೇಳಿಸುವುದಿಲ್ಲ ಎಂದು ತೀರ್ಮಾನಿಸುವವರು ಯಾರು? ಯಾರ ಕಿವಿ? ಕಿಟಕಿ ತೆರೆದೋ ಮುಚ್ಚಿಯೋ? ಗಾಳಿ ಯಾವ ಕಡೆಯಿಂದ? ಕೇಳಿದೆ. ಎಸ್ರಾ ಟೋಪಿ ಸರಿಮಾಡಿಕೊಂಡು, "ಯೋಸ್ಟ್ ಬರ್ತಾರೆ. ಮಂಗಳವಾರ ನೀವೂ ಬನ್ನಿ," ಎಂದ.

ಏಪ್ರಿಲ್ 18, ಮಂಗಳವಾರ

ಇಂಥ ತಪಾಸಣೆ ಈ ಟೌನ್‌ಶಿಪ್‌ನ ಚರಿತ್ರೆಯಲ್ಲೇ ನಡೆದಿರಲಾರದು. ವಿವರವಾಗಿ ಬರೆದಿಡುತ್ತೇನೆ.

ಸ್ಥಳ: ಮ್ಯಾಟಿಯ ಅಡುಗೆಮನೆ. ಹಾಜರಿದ್ದವರು: ನೂಡಲ್ ಹಿಟ್ಟು ಲಟ್ಟಿಸುತ್ತ ಮ್ಯಾಟಿ. ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡ ಬಿಷಪ್ ಯೋಸ್ಟ್, ಎಪ್ಪತ್ತೆರಡು ವರ್ಷ, ಕಿವಿ ಚುರುಕು. ಮೊಬೈಲ್ ಹಿಡಿದು ನಾನು. ಹೊರಗೆ ಗೂಡಿನ ಬಳಿ ಎಸ್ರಾ.

ಮೊದಲ ಪರೀಕ್ಷೆ, ಗೂಡು ಇದ್ದಲ್ಲೇ. ನಂಬರ್ ಒತ್ತಿದೆ. ಗಡಿಯಾರದ ಟಿಕ್ ಟಿಕ್. ಲಟ್ಟಣಿಗೆಯ ಸದ್ದು. ಕಿಟಕಿಯಾಚೆ ಎಸ್ರಾ ಕೈ ಎತ್ತಿದ – ಗಂಟೆ ಹೊಡೆಯುತ್ತಿದೆ. ಒಳಗೆ ಏನೂ ಇಲ್ಲ.

ಎರಡನೇ ಪರೀಕ್ಷೆ. ಎಸ್ರಾ ಫೋನನ್ನು ತಂತಿ ಸಮೇತ ಹೊರಗೆಳೆದು, ನಾಲ್ಕು ಅಡಿ ಈಚೆಗೆ ಹಾಲಿನ ಕ್ಯಾನು ಬೋರಲು ಹಾಕಿ ಅದರ ಮೇಲಿಟ್ಟ. ಒತ್ತಿದೆ. ಕೇಳಿಸಿತು. ಸಣ್ಣಗೆ, ಆದರೆ ಚೊಕ್ಕವಾಗಿ. ಕಾರಣವೂ ಕಂಡಿತು. ಬಟ್ಟೆ ಒಗೆಯುವ ಕೊಠಡಿಯ ಮೂಲೆ ಇಷ್ಟು ದಿನ ಸದ್ದಿಗೆ ಅಡ್ಡ ನಿಂತಿತ್ತು. ನಾಲ್ಕು ಅಡಿ ಈಚೆ ಬಂದದ್ದೇ ಗಂಟೆ ನೇರವಾಗಿ ಬಂದು ಹಿಟ್ಟಿನ ಮೇಲೆ ಬಿತ್ತು. ಎಡಕ್ಕೆ ಸರಿಸೋಣವೆಂದರೆ ಹಳ್ಳ. ಬಲಕ್ಕೆ ಪಕ್ಕದವರ ಗಡಿ.

"ಕಂಡ್ಯಾ?" ಎಂದರು ಯೋಸ್ಟ್.

"ಏನನ್ನ?"

"ಮ್ಯಾಟಿ ಕೈ ನಿಂತೋಯ್ತು. ನಮ್ಮ ಕಟ್ಟಳೆ ಇರೋದು ಅದಕ್ಕೆ. ಗಂಟೆಗಲ್ಲ."

ಮ್ಯಾಟಿ ಕೆಂಪಾಗಿ ಮತ್ತೆ ಲಟ್ಟಿಸತೊಡಗಿದಳು.

ಗಂಟೆಯ ಸದ್ದನ್ನೇ ತಗ್ಗಿಸಬಹುದಲ್ಲ ಎಂದೆ. ಫೋನಿನ ಅಡಿಯಲ್ಲಿ ಒಂದು ಗುಂಡಿ ಇರುತ್ತದೆ, ತಿರುಗಿಸಿದರಾಯಿತು.

"ಆಗ ಕೇಳಿಸ್ತೋ ಇಲ್ವೋ ಅಂತ ದಿನವಿಡೀ ಕಿವಿ ಕೊಟ್ಕೊಂಡು ಕೂರ್ತಾರೆ. ಅದು ಇನ್ನೂ ಕೆಟ್ಟದ್ದು."

"ಕೂಸು ಬರೋವರೆಗಾದ್ರೂ ಕೇಳಿಸಲಿ ಬಿಡಿ ಯೋಸ್ಟ್. ಒಂದು ತಿಂಗಳ ಮಟ್ಟಿಗೆ."

ಮುದುಕರು ಗಡ್ಡ ನೀವಿಕೊಂಡರು. "ಒಂದು ತಿಂಗಳ ಮಟ್ಟಿಗೆ ಅಂತ ಕಟ್ಟಿದ ಎಷ್ಟು ಗೂಡಿಗೆ ನೋಟಿಸು ಕೊಟ್ಟಿದೀಯ ನೀನು?"

ಹನ್ನೊಂದಕ್ಕೆ.

ಅಂತೂ ನಮ್ಮ ನಿಯಮ ಈ ಕಡೆಯಿಂದ, ಅವರ ಕಟ್ಟಳೆ ಆ ಕಡೆಯಿಂದ. ನಡುವೆ ಗೂಡು ನಿಲ್ಲಲು ಜಾಗ ನಾಲ್ಕು ಅಡಿ ಕಡಿಮೆ. ಇದನ್ನು ಯಾವ ಫಾರಂನಲ್ಲಿ ತುಂಬಲಿ? ಮ್ಯಾಟಿ ನೂಡಲ್ ಕಟ್ಟಿಕೊಟ್ಟಳು. ಲಂಚವಾಗುತ್ತದೋ ಎಂದು ಅರ್ಧ ದಾರಿಯಲ್ಲಿ ಅನುಮಾನ ಬಂತು. ತಿಂದೆ.

ಏಪ್ರಿಲ್ 20, ಗುರುವಾರ

ಮೇಲ್ಮನವಿ ಫಾರಂ ಒಯ್ದೆ. ಎಲ್ಲವನ್ನೂ ನಾನೇ ತುಂಬಿದ್ದೆ, ಸಹಿ ಮಾತ್ರ ಬಾಕಿ. ಗಡುವಿನೊಳಗೆ ಮೇಲ್ಮನವಿ ಹಾಕದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ. ಆಮೇಲೆ ಯಾರು ಏನು ಹೇಳಿದರೂ ನಡೆಯುವುದಿಲ್ಲ.

ಎಸ್ರಾ ಕುದುರೆಯ ಗೊರಸು ನೋಡುತ್ತಿದ್ದ. "ನಾವು ವ್ಯಾಜ್ಯಕ್ಕೆ ಹೋಗಲ್ಲ ಮರ್ಲ್."

"ಇದು ಕೋರ್ಟಲ್ಲಪ್ಪ. ಮೂರು ಜನ ಮುದುಕರು, ಒಂದು ಡಬ್ಬಿ ಡೋನಟ್. ನೀನು ಬಾಯೂ ಬಿಡೋದು ಬೇಡ."

"ಒಬ್ಬರ ಎದುರು ಕೂತು ನಾನೇ ಸರಿ ಅನ್ನೋಕೆ ತಾನೇ ಹೋಗೋದು?"

"ಹೌದು."

"ಅದೇ ಆಗಲ್ಲ."

"ಮತ್ತೆ ಗೂಡು?"

"ಮೇ ಹನ್ನೊಂದರೊಳಗೆ ಯೋಸ್ಟ್ ಅವರ ಅಂಗಳಕ್ಕೆ ಒಯ್ತೀವಿ. ಅಲ್ಲಿ ಜಾಗ ಧಾರಾಳ."

ಯೋಸ್ಟರ ಅಂಗಳವೆಂದರೆ ಒಂದು ಮೈಲಿ. ಎಸ್ರಾ ಓಡಲು ಹತ್ತು ನಿಮಿಷ, ಅದೂ ಅವನು ಮನೆಯಲ್ಲಿದ್ದರೆ. ದೂರದ ಹೊಲದಲ್ಲಿದ್ದರೆ? ಇಬ್ಬರೂ ಲೆಕ್ಕ ಹಾಕಿದೆವು. ಅವನು ಗೊರಸನ್ನು ಕೆಳಗಿಳಿಸಿದ.

ಫಾರಂ ಇನ್ನೂ ಕಾರಿನಲ್ಲಿದೆ.

ಏಪ್ರಿಲ್ 27, ಗುರುವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ.

ಇವತ್ತು ಇದೆ.

ಹಾರ್ಲನ್ ಬರೆದ ಆ ಸಾಲು ತಲೆ ಬಿಡುತ್ತಿರಲಿಲ್ಲ. ಹತ್ತಿರ ಇದೆ ಎಂದಿದ್ದರೆ ಸರಿ. ಹತ್ತಿರ ಬರುತ್ತಿದೆ ಎಂದಿದ್ದಾನೆ. ಹಾರ್ಲನ್ ಕಲ್ಪನೆಯ ಮನುಷ್ಯನಲ್ಲ. ಕ್ರಿಸ್‌ಮಸ್ ಕಾರ್ಡಿನಲ್ಲೂ ಹೆಸರಷ್ಟೇ ಬರೆಯುವವನು.

ಕಚೇರಿಯ ನೆಲಮಾಳಿಗೆಗೆ ಇಳಿದೆ. ಹಳೆಯ ಪರ್ಮಿಟ್ ಫೈಲುಗಳು ಕ್ರಿಸ್‌ಮಸ್ ಅಲಂಕಾರದ ಡಬ್ಬಿಗಳ ಅಡಿಯಲ್ಲಿದ್ದವು. ಎರಡು ಗಂಟೆ ಹುಡುಕಿದೆ. ಮೈತುಂಬ ಅಲಂಕಾರದ ಮಿನುಗು ಪುಡಿ ಹತ್ತಿತು. ಸಿಕ್ಕಿತು: ಕನಾಗಿ, ಫೋನ್ ಗೂಡು, ಹತ್ತೊಂಬತ್ತು ವರ್ಷದ ಹಿಂದಿನದು. ಪರ್ಮಿಟ್ ಇದೆ. ನಕ್ಷೆಯೂ ಇದೆ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ಪುಣ್ಯಾತ್ಮ ತನ್ನ ನೆರಳನ್ನೂ ಎರಡು ಸಲ ಅಳೆಯುವ ಪೈಕಿ. ನಡುಗೆರೆಯಿಂದ ಗೂಡಿಗೆ: ನಲವತ್ತು ಅಡಿ. ಅಡಿಯಲ್ಲಿ ಸಹಿ. ಪಕ್ಕದಲ್ಲಿ "ಮತ್ತೊಮ್ಮೆ ಅಳೆದಿದೆ."

ಅಂದು ನಲವತ್ತು, ಇಂದು ಮೂವತ್ತಾರು. ಎಸ್ರಾ ಸುಳ್ಳು ಹೇಳುವವನಲ್ಲ. ಗೂಡಿಗೆ ಕಾಲಿಲ್ಲ.

ಮೇಲೆ ಬಂದಾಗ ವೆಲ್ಡಾ, "ಇದೇನು, ಮದುವೆ ಮನೆಗೆ ಹೊರಟಿದ್ಯಾ?" ಎಂದಳು. ಮಿನುಗು ಹುಬ್ಬಿನಲ್ಲೂ ಇತ್ತು.

ಮೇ 2, ಮಂಗಳವಾರ

ರಸ್ತೆ ನಡೆದಿದೆ.

ಸಾವಧಾನವಾಗಿ ಬರೆಯುತ್ತೇನೆ. ಎಸ್ರಾನ ಅಂಗಳದೆದುರು ರಸ್ತೆಯಡಿ ಒಂದು ಮೋರಿ ಕೊಳವೆ ಇದೆ. ಕೊಳವೆಯ ಎರಡು ಬಾಯಿಯೂ ರಸ್ತೆಯ ಎರಡು ಅಂಚಿಗೆ ಸಮಸಮ ಇರಬೇಕು, ಹಾಕಿದವರು ಹಾಗೆಯೇ ಹಾಕಿರುತ್ತಾರೆ. ಮೊಣಕಾಲೂರಿ ನೋಡಿದೆ. ವರ್ನಾಳ ಮನೆ ಕಡೆಯ ಬಾಯಿ ಟಾರಿನಿಂದಾಚೆ ಹುಲ್ಲಿನಲ್ಲಿ ನಾಲ್ಕು ಅಡಿ ಚಾಚಿಕೊಂಡಿದೆ, ಹೊದಿಕೆಯಿಂದ ಹೊರಬಿದ್ದ ಕಾಲಿನಂತೆ. ಎಸ್ರಾನ ಕಡೆಯ ಬಾಯಿ ಕಾಣುವುದೇ ಇಲ್ಲ. ಟಾರು ಅದರ ಮೇಲೆ ಹತ್ತಿ ಕುಳಿತಿದೆ. ನೀರು ಹೇಗೋ ದಾರಿ ಮಾಡಿಕೊಂಡಿದೆ, ಪಾಪ.

ಹತ್ತೊಂಬತ್ತು ವರ್ಷದಲ್ಲಿ ಎರಡು ಸಲ ಟಾರು ಹಾಕಿದ್ದಾರೆ. ಸಲಕ್ಕೆ ಎರಡು ಅಡಿಯಂತೆ ರಸ್ತೆ ಎಸ್ರಾನ ಕಡೆಗೆ ಸರಿದಿದೆ.

ಯಾಕೆ? ಎದುರು ಕಡೆ ಬಂಡೆಯಿಲ್ಲ, ಮರವಿಲ್ಲ. ಇರುವುದು ವರ್ನಾಳ ಪಿಯೋನಿ ಹೂಗಿಡಗಳ ಪಾತಿ. ರಸ್ತೆಯ ಹಳೆಯ ಅಂಚಿಗೆ ತಾಗಿಕೊಂಡೇ ಉದ್ದಕ್ಕೆ ಕೆಂಪು ಮೊಳಕೆಗಳು ಮಣ್ಣು ಸೀಳಿ ಮೇಲೆ ಬಂದಿದ್ದವು. ಮೂರು ವರ್ಷದಿಂದ ಮನೆಯಲ್ಲಿ ಯಾರಿಲ್ಲ, ಆದರೂ ಪಾತಿಯಲ್ಲಿ ಒಂದು ಕಳೆಯಿಲ್ಲ.

ವೆಲ್ಡಾಳಿಗೆ ಹೇಳಿದೆ. ಅವಳ ಸೂಜಿ ನಿಂತಿತು.

"ವರ್ನಾ ಹೂವಿನ ತಂಟೆಗೆ ಯಾರು ಹೋಗ್ತಾರೆ? ಟಾರು ಹಾಕೋರು ಬಂದ್ರೆ ಕುರ್ಚಿ ತಂದು ಪಾತಿ ಪಕ್ಕದಲ್ಲೇ ಕೂರ್ತಿದ್ಲು. ಕೈಲೊಂದು ತಟ್ಟೆ ಕ್ರೀಮ್ ತುಂಬಿದ ವೂಪಿ ಪೈ. ನನ್ನ ಗಿಡ ನೋಡ್ಕೊಳ್ರಪ್ಪ, ಇನ್ನೊಂದು ತಿನ್ನಿ ಅಂತಿದ್ಲು."

"ಯಂತ್ರ ಓಡಿಸ್ತಿದ್ದೋರು ಯಾರು?"

"ಇನ್ಯಾರು? ಅವಳ ಮಗ."

ಅಂದರೆ – ರಸ್ತೆ ಸರಿಸಿದವನು ಹಾರ್ಲನ್. ಗೂಡು ಹತ್ತಿರ ಬರುತ್ತಿದೆ ಎಂದು ದೂರು ಕೊಟ್ಟವನೂ ಹಾರ್ಲನ್. ಮನುಷ್ಯ ಸುಳ್ಳು ಬರೆದಿರಲಿಲ್ಲ. ಲಾರಿಯಲ್ಲಿ ಕುಳಿತವನಿಗೆ ಹಾಗೆಯೇ ಕಂಡಿತ್ತು.

ಕೊಟ್ಟ ನೋಟಿಸನ್ನು ನಾನೊಬ್ಬನೇ ಹಿಂಪಡೆಯುವಂತಿಲ್ಲ, ಮೇಲ್ವಿಚಾರಕರು ಒಪ್ಪಬೇಕು. ಮೀಟಿಂಗ್ ಸೋಮವಾರ, ಎಂಟನೇ ತಾರೀಖು ಸಂಜೆ. ಗಡುವು ಹನ್ನೊಂದನೇ ತಾರೀಖು. ಸಾಕಷ್ಟು ಸಮಯವಿದೆ.

ಮೇ 4, ಗುರುವಾರ

ಎಸ್ರಾನಿಗೆ ಹೇಳಿಬಂದೆ. ಮೋರಿ, ನಕ್ಷೆ, ಪಿಯೋನಿ, ವೂಪಿ ಪೈ, ಎಲ್ಲ. ನಾನು ಇಷ್ಟು ಚೆನ್ನಾಗಿ ಕಥೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಯೋಸ್ಟರೂ ಅಲ್ಲೇ ಇದ್ದರು.

ಅವರು ನಗುತ್ತಾರೆಂದುಕೊಂಡಿದ್ದೆ. ಇಬ್ಬರೂ ಎದುರಿನ ಪಾತಿಯನ್ನೇ ನೋಡುತ್ತಿದ್ದರು.

"ಹಾಗಾದ್ರೆ ರಸ್ತೆ ವಾಪಸ್ ಹೋಗ್ಬೇಕಾ?" ಎಂದ ಎಸ್ರಾ.

"ಹೋಗಲಿ ಬಿಡು. ತಪ್ಪು ಅದರದೇ."

"ಹೋದ್ರೆ ಹೂವಿನ ಮೇಲೇ ಹೋಗುತ್ತಲ್ಲ."

"ಅದು ರಸ್ತೆ ತಲೆನೋವು, ನಿನ್ನದಲ್ಲ," ಎಂದು ಬೆನ್ನು ತಟ್ಟಿ ಬಂದೆ.

ಮ್ಯಾಟಿ ಕಾಣಲಿಲ್ಲ. ಮಲಗಿದ್ದಾಳಂತೆ, ಕಾಲು ಊದಿದೆಯಂತೆ.

ಮೇ 8, ಸೋಮವಾರ, ಮೀಟಿಂಗ್ ಮುಗಿಸಿ

ನೋಟಿಸು ಸಂಖ್ಯೆ 19. ನನ್ನ ಕೈಯಿಂದಲೇ ಬರೆದದ್ದು ಎಂದು ಎಲ್ಲಾದರೂ ದಾಖಲಾಗಿರಲಿ. ಇವರಿಗೆ: ಟೌನ್‌ಶಿಪ್. ತಪ್ಪು: ಸಾಮಿಲ್ ರಸ್ತೆಯು ಯಾವುದೇ ಪರ್ಮಿಟ್ ಪಡೆಯದೆ ನಾಲ್ಕು ಅಡಿ ಸರಿದಿರುವುದು.

ಹಾರ್ಲನ್ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಎರಡು ಸಲ ಓದಿದ. ಅಕ್ಕಪಕ್ಕದ ಇಬ್ಬರು ಮೇಲ್ವಿಚಾರಕರು ಛಾವಣಿಯ ಹಲಗೆ ಎಣಿಸುತ್ತಿದ್ದರು. ನಾನು ನಕ್ಷೆ ಹರಡಿದೆ, ಮೋರಿಯ ಫೋಟೋ ಇಟ್ಟೆ. ಪಿಯೋನಿಯ ಮಾತೆತ್ತಲು ಬಾಯಿ ಬರಲಿಲ್ಲ. ಎತ್ತಬೇಕಾಗಲೂ ಇಲ್ಲ.

"ಎರಡು ಸಲ ಹಾಕಿದ್ವಿ," ಎಂದ ಹಾರ್ಲನ್, ಫೋಟೋ ನೋಡುತ್ತಲೇ. "ಎರಡು ಸಲವೂ ಅಮ್ಮ ಅಲ್ಲೇ ಕೂತಿದ್ಲು. ಎರಡಡಿ ಆಚೆ ಹೋದ್ರೆ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಎರಡನೇ ಸಲ ಹಾಕುವಾಗ ಮೊದಲನೇದು ಮರೆತೇ ಹೋಗಿತ್ತು."

ಫೋಟೋವನ್ನು ನಕ್ಷೆಯ ಮೇಲೆ ಬೋರಲು ಹಾಕಿದ.

"ಆಮೇಲೆ ಗೂಡು ನಡೀತಿದೆ ಅಂತ ಕಾಗದ ಬರೆದೆ. ನಾನೇ. ಸಹಿ ಹಾಕಿ."

ಛಾವಣಿ ಎಣಿಸುತ್ತಿದ್ದವರಲ್ಲಿ ಒಬ್ಬನಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದ.

ಠರಾವು: ಅಂತರವನ್ನೆಲ್ಲ ರಸ್ತೆಯ ಹಳೆಯ ನಡುಗೆರೆಯಿಂದಲೇ ಅಳೆಯತಕ್ಕದ್ದು. ಗೂಡು ಸಕ್ರಮ. ಹೂವಿನ ಪಾತಿ ಇದ್ದಲ್ಲೇ ಇರತಕ್ಕದ್ದು. ಹಿಮ ತಳ್ಳುವವರು ಗೂಡು ನೋಡಿಕೊಂಡು ಲಾರಿ ಓಡಿಸತಕ್ಕದ್ದು – ಇದನ್ನು ಹಾರ್ಲನ್ ತಾನೇ ಸೇರಿಸಿದ. ಮೂರಕ್ಕೆ ಮೂರು ಮತ.

ಹೊರಗೆ ಬಂದ ಕೂಡಲೇ ಎಸ್ರಾನ ಗೂಡಿಗೆ ಫೋನ್ ಮಾಡಿದೆ. ಅಲ್ಲಿ ಯಾರಿರುತ್ತಾರೆ? ಫೋನ್ ಕಂಪನಿಯ ವಾಯ್ಸ್‌ಮೇಲ್‌ಗೆ ಹೇಳಿ ಇಟ್ಟೆ: ನೋಟಿಸು ವಾಪಸ್, ಗೂಡು ಅಲ್ಲೇ ಇರಲಿ, ಹೂವೂ ಇರಲಿ. ನಾಳೆ ಹೋಗಿ ಬಾಯಲ್ಲೂ ಹೇಳಬೇಕು.

ಮೇ 9, ಮಂಗಳವಾರ, ಬೆಳಿಗ್ಗೆ 11.20, ಕಾರಿನಲ್ಲಿ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಂಬತ್ತೂವರೆಗೆ ಇಲ್ಲಿಗೆ ಬಂದೆ. ಗೂಡು ಇಲ್ಲ. ಅದು ಇದ್ದಲ್ಲಿ ಚೌಕಾಕಾರದ ಬೋಳು ನೆಲ, ಬಿಚ್ಚಿದ ತಂತಿಯ ತುದಿ. ಅಂಗಳದ ನಡುವೆ ಗೂಡು ನಡೆದುಕೊಂಡು ಹೋಗುತ್ತಿತ್ತು. ಹದಿನಾರು ಕಾಲು. ಎರಡು ಉದ್ದನೆಯ ಗಳ, ಒಂದೊಂದಕ್ಕೆ ನಾಲ್ಕು ಜನ, ಎಂಟು ಹುಲ್ಲಿನ ಟೋಪಿ. ಮುಂದಿನ ಎಡ ಮೂಲೆಗೆ ಎಸ್ರಾ. ಪಕ್ಕದಲ್ಲಿ ದ್ರಾಕ್ಷಿ ಚಪ್ಪರಕ್ಕೆ ತಾಗದ ಹಾಗೆ ದಾರಿ ತೋರಿಸುತ್ತ ಯೋಸ್ಟ್.

"ನಿಲ್ಲಿ," ಎಂದು ಓಡಿದೆ. "ನೋಟಿಸು ವಾಪಸ್ ಆಯ್ತು. ಮೆಸೇಜ್ ಕೇಳಿಲ್ವಾ?"

"ನಿನ್ನೆ ಮಧ್ಯಾಹ್ನವೇ ತಂತಿ ಬಿಚ್ಚಿಸಿದ್ವಿ," ಎಂದರು ಯೋಸ್ಟ್.

"ಹನ್ನೊಂದನೇ ತಾರೀಖಿನವರೆಗೆ ಸಮಯ ಇತ್ತಲ್ಲ."

"ಇತ್ತು. ಆದ್ರೆ ನಮ್ಮ ಫೋನಿಗೋಸ್ಕರ ಹಾರ್ಲನ್ ಅವನ ತಾಯಿ ಹೂವಿನ ಮೇಲೆ ಟಾರು ಹಾಕೋ ಹಾಗೆ ಆಗ್ಬಾರ್ದು ಅಂತ ಎಲ್ಲರೂ ಸೇರಿ ಮಾತಾಡಿದ್ವಿ. ನಮ್ಮ ಗೂಡೇ ಹೊರಟು ಹೋದ್ರೆ ರಸ್ತೆ ಯಾಕೆ ಕದಲಬೇಕು?"

ಗುರುವಾರ ಅಷ್ಟು ಚೆನ್ನಾಗಿ ಕಥೆ ಹೇಳಿದ್ದೆನಲ್ಲ. ಅದರ ಫಲ.

"ಹೂವಿಗೆ ಏನೂ ಆಗಲ್ಲ. ಬರೆದು ಠರಾವು ಮಾಡಿದಾರೆ. ಇಳಿಸಿ."

"ಎಲ್ಲಿ ಇಳಿಸೋದು ಅಂತ ಹೇಳು. ಅಡಿ ಲೆಕ್ಕದಲ್ಲೇ ಹೇಳು, ನಿಂಗೆ ಅದು ತಾನೇ ಇಷ್ಟ."

ಗಳದ ಕೆಳಗಿದ್ದವರು ನಕ್ಕರು. ಗೂಡೂ ಅಲುಗಿತು. ಆಗ ಜಗುಲಿಯ ಬಾಗಿಲು ತೆರೆಯಿತು. ಮ್ಯಾಟಿ. ಕಂಬ ಹಿಡಿದುಕೊಂಡಿದ್ದಳು, ಎರಡೂ ಕೈಯಲ್ಲಿ. ಮುಖ ಹಿಟ್ಟಿನ ಬಣ್ಣ.

"ಎಸ್ರಾ, ಫೋನ್ ಎಲ್ಲಿ?"

"ನನ್ನ ಹೆಗಲ ಮೇಲೆ," ಎಂದ ಎಸ್ರಾ.

ನಗು ನಿಂತಿತು. ನಾನು ಮೊಬೈಲ್ ತೆಗೆದೆ. ಸೂಲಗಿತ್ತಿಯ ನಂಬರ್ ಎಂದೆ. ಯಾರಿಗೂ ಬಾಯಿಗೆ ಬರುವುದಿಲ್ಲ. ಯಾಕೆ ಬರಬೇಕು? ಗೂಡಿನೊಳಗೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದೆಯಂತೆ. ಗೂಡು ಹೆಗಲ ಮೇಲಿದೆ. ಇಳಿಸಿದರು. ಎಲ್ಲಿ ಎಂದು ಯಾರೂ ಕೇಳಲಿಲ್ಲ, ಅಡಿಯೂ ಇಲ್ಲ, ಅಂಗುಲವೂ ಇಲ್ಲ. ಎಸ್ರಾ ಮೂಲೆ ಬಿಟ್ಟು ಮ್ಯಾಟಿಯ ಕಡೆ ಓಡಿದ.

ಬಾಗಿಲು ತೆರೆದು ಒಳಗೆ ನುಗ್ಗಿದೆ. ನಾಲ್ಕು ಗೋಡೆ ತುಂಬ ನಂಬರುಗಳು. ದನದ ಡಾಕ್ಟರು. ಮೇವಿನ ಅಂಗಡಿ. ಹಲ್ಲಿನ ಡಾಕ್ಟರು. ಕಾರು ಓಡಿಸಿಕೊಂಡು ಬರುವವರು ಮೂವರು, ಒಬ್ಬನ ಹೆಸರಿನ ಮುಂದೆ "ಬಹಳ ಮಾತು." ನನ್ನದೂ ಇತ್ತು: "ಮರ್ಲ್, ಅಡಿ." ಸೂಲಗಿತ್ತಿ ಎಲ್ಲಿ? ಹೊರಗಿನಿಂದ ಮ್ಯಾಟಿಯ ದನಿ – ಬಾಗಿಲ ಹಿಂದೆ, ಕೆಳಗೆ. ಬಾಗಿಲ ಹಿಂದೆ ಕೆಳಗೆ ನಾಲ್ಕು ಹೆಸರುಗಳಿದ್ದವು. ಮೂರನೆಯದು.

ಎರಡನೇ ರಿಂಗಿಗೆ ಎತ್ತಿದಳು. "ಮ್ಯಾಟಿ" ಎಂದೆ ಅಷ್ಟೆ. "ಹೊರಟೆ" ಎಂದಳು. ಹದಿನಾಲ್ಕು ನಿಮಿಷಕ್ಕೆ ಅವಳ ಕಾರು ಈ ತಿರುವಿನಲ್ಲಿ ಎರಡು ಚಕ್ರದ ಮೇಲೆ ಬಂತು. ಒಳಗೆ ಓಡುತ್ತ, "ಫೋನ್ ಇರೋ ಆಸಾಮಿ ಎಲ್ಲೂ ಹೋಗ್ಬೇಡ," ಎಂದು ಕೂಗಿದಳು. ಆಂಬುಲೆನ್ಸ್ ಬೇಕಾದರೆ ಎಂದು.

ಹಾಗಾಗಿ ಇಲ್ಲೇ ಇದ್ದೇನೆ. ಈಗ ನಾನೇ ಫೋನ್ ಗೂಡು. ರಸ್ತೆಯಿಂದ ಎಷ್ಟು ಅಡಿ ಇದ್ದೇನೋ, ಪರ್ಮಿಟ್ಟಂತೂ ಇಲ್ಲ.

11.45

ಟೋಪಿಯವರು ಹುಲ್ಲಿನ ಮೇಲೆ ಸಾಲಾಗಿ ಕುಳಿತಿದ್ದಾರೆ. ಯೋಸ್ಟ್ ಮಾತ್ರ ನಿಂತಿದ್ದಾರೆ, ಒಂದು ಕೈ ಗೂಡಿನ ಮೇಲೆ.

ಹಾರ್ಲನ್‌ನ ಲಾರಿ ಬಂತು. ವೆಲ್ಡಾ ಹೇಳಿರಬೇಕು. ಇಳಿದ, ಗೂಡು ನೋಡಿದ, ಮನೆ ನೋಡಿದ. ಹೋಗಿ ಸಾಲಿನ ತುದಿಯಲ್ಲಿ ಕುಳಿತ. ಪಕ್ಕದವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

12.10

ಏನೂ ಕೇಳಿಸುತ್ತಿಲ್ಲ. ನಲವತ್ತು ನಿಮಿಷ ಯಾವಾಗಲೋ ಆಗಿಹೋಯಿತು. ಮೊಬೈಲಿನ ಬ್ಯಾಟರಿ ಅರ್ಧ ಇದೆ. ಸಿಗ್ನಲ್ ಎರಡು ಗೆರೆ. ಒಂದು ಗೆರೆ. ಎರಡು. ಕಾರಿನ ಕಿಟಕಿಯಾಚೆ ಕೈ ಚಾಚಿ ಹಿಡಿದಿದ್ದೇನೆ, ಎಡಗೈ. ಪುಸ್ತಕ ಒತ್ತಿ ಹಿಡಿಯಲು ಕೈಯಿಲ್ಲ, ಅದಕ್ಕೇ ಅಕ್ಷರ ಹೀಗೆ.

12.25

ಕೇಳಿಸಿತು. ಅಡುಗೆಮನೆ ದಾಟಿ, ಬಟ್ಟೆ ಒಗೆಯುವ ಕೊಠಡಿ ದಾಟಿ, ರಸ್ತೆಯವರೆಗೆ. ಅಳು. ಕೋಪದ ಅಳು. ಟೋಪಿಗಳೆಲ್ಲ ಒಟ್ಟಿಗೆ ಎದ್ದವು. ಹಾರ್ಲನ್ ಮೂಗು ಒರೆಸಿಕೊಂಡ.

ಎಸ್ರಾ ಬರುತ್ತಿದ್ದಾನೆ. ಓಡುತ್ತಿಲ್ಲ, ನಡೆದೂ ಬರುತ್ತಿಲ್ಲ. ನೇರ ಗೂಡಿನೊಳಗೆ ಹೋದ. ತಂತಿ ಇಲ್ಲ ಎಂಬುದು ಒಳಗೆ ಹೋದ ಮೇಲೆ ನೆನಪಾಗಿರಬೇಕು, ಹೊರಗೆ ಬಂದ. ನನ್ನ ಕಿಟಕಿಗೆ ಬಂದ. ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ. ತವರಿಗೆ ಹೇಳಬೇಕಂತೆ, ಅವರ ಕಡೆಯ ಗೂಡಿನ ಪಕ್ಕ ಮ್ಯಾಟಿಯ ಅಪ್ಪ ಒಂದು ವಾರದಿಂದ ದಿನವೂ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ಬರೀತಾ ಕೂತಿದ್ದೀರಲ್ಲ ಮರ್ಲ್, ಎನ್ನುತ್ತಿದ್ದಾನೆ, ಅದನ್ನ ಆಮೇಲೆ ಬರ್ಕೊಳ್ಳಿ, ಮೊದಲು ಆ ಫೋನ್ ಕೊಡಿ –